ಕಿರ್ದಿ ಪುಸ್ತಕವನ್ನು ಬಸ್ಸಿಗೆ ಹಾಕಬೇಡಿ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಒಂದೇ ವಿಷಯದವು. ಆಫೀಸಿನ ಲೆಕ್ಕ ಒಂದೇ ಕಡೆ ಇರಬೇಕು, ಅಂಗಡಿಯಲ್ಲಿ ಕೂತವರೂ ನೋಡಬೇಕು, ಬೇರೆ ಊರಿನಲ್ಲಿ ಕೂತವರೂ ನೋಡಬೇಕು. ಹಾಗಾಗಿ ಪ್ರಿಂಟರ್, ಮೊಬೈಲ್ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಎತ್ತಿಟ್ಟಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಮಸ್ಕಾರ್ರೀ ಸರ್. ಕಲಬುರಗಿ ನೆಹರು ಗಂಜ್‌ನಲ್ಲಿ ನಮ್ಮ ಸಾಹುಕಾರರದ್ದು ಅಡತಿ ಅಂಗಡಿ, ಊರ ಹೊರಗೆ ದಾಲ್ ಮಿಲ್. ಮೈಕ್ರೋಸಾಫ್ಟ್ ಆಕ್ಸೆಸ್ ಅನ್ನುವ ಡೇಟಾಬೇಸ್ ತಂತ್ರಾಂಶದಲ್ಲಿ ಬರೆಸಿದ ಪ್ರೋಗ್ರಾಮ್ ಇದೆ. ರೈತರ ಪಟ್ಟಿ (ಮಾಲು ಮಾರಿದ ಲೆಕ್ಕದ ಚೀಟಿ), ಉಚಂತಿ (ಮುಂಗಡ), ಬಾರದಾನ (ಗೋಣಿಚೀಲ), ಹಮಾಲಿ ಎಲ್ಲ ಅದರಲ್ಲೇ. ಅಂಗಡಿಯಲ್ಲಿ ಐದು ಕಂಪ್ಯೂಟರ್, ಒಂದು ಶೇರ್ ಮಾಡಿದ ಫೋಲ್ಡರ್. ಆರು ವರ್ಷ ತಕರಾರಿಲ್ಲದೆ ನಡೆಯಿತು. ಈ ಸುಗ್ಗಿಗೆ ಯಾದಗಿರಿಯಲ್ಲಿ ಇಬ್ಬರನ್ನು ಕೂರಿಸಿ ಬ್ರಾಂಚ್ ಮಾಡಿದೆವು. ಅಲ್ಲಿಂದಲೂ ಕಾಣಲಿ ಅಂತ ಫೈಲನ್ನು ಒಂದು ಕ್ಲೌಡ್ ಡ್ರೈವ್ ಫೋಲ್ಡರ್‌ಗೆ ಹಾಕಿದೆವು. ಮೂರನೇ ದಿನ ನೋಡಿದರೆ ಫೈಲ್ ಎರಡಾಗಿದೆ, ಯಾದಗಿರಿಯ 40 ಪಟ್ಟಿ ಒಂದರಲ್ಲಿ, ನಮ್ಮವು ಇನ್ನೊಂದರಲ್ಲಿ. ಆಮೇಲೆ ಒಬ್ಬರಿಂದ ವಿಪಿಎನ್ (ಇಂಟರ್ನೆಟ್ ಮೇಲೆ ಎರಡು ಊರಿನ ನಡುವೆ ಖಾಸಗಿ ದಾರಿ) ಹಾಕಿಸಿದೆವು. ಈಗ ಯಾದಗಿರಿಯಲ್ಲಿ ಒಂದು ಪಟ್ಟಿ ತೆರೆಯೋದರೊಳಗೆ ಚಹಾ ಕುಡಿದು ಬರಬಹುದು, ವಾರಕ್ಕೊಮ್ಮೆ ‘ಅನ್‌ರೆಕಗ್ನೈಸ್ಡ್ ಡೇಟಾಬೇಸ್ ಫಾರ್ಮ್ಯಾಟ್’ ಅಂತ ಬರುತ್ತದೆ. ಸಾಹುಕಾರರು ‘ಕಂಪ್ಯೂಟರ್ ಹಾಕಿ ಏನ್ ಫಾಯ್ದಾ ಆತು, ಮುನೀಮ ಇದ್ದಾಗ್ಲೇ ಛಲೋ ಇತ್ತು’ ಅಂತಾರೆ. ಏನು ಮಾಡಲಿ?
– ಒಬ್ಬ ಗುಮಾಸ್ತ, ಕಲಬುರಗಿ

ಉತ್ತರ: ಸಾಹುಕಾರರು ಹೇಳಿದ್ದರಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಇದೆ, ಅದು ಅವರಿಗೇ ಗೊತ್ತಿಲ್ಲ ಅಷ್ಟೇ. ಮುನೀಮರು ಇದ್ದಾಗ ಏನಾಗುತ್ತಿತ್ತು ನೆನಪು ಮಾಡಿಕೊಳ್ಳಿ. ಕಿರ್ದಿ (ದಿನದ ಲೆಕ್ಕದ ಪುಸ್ತಕ), ಖಾತೆ ಎರಡೂ ಗಾದಿಯ ಮೇಲೆ ಅವರ ಮುಂದೆ. ಬೇರೆ ಊರಿನಿಂದ ಯಾರಾದರೂ ‘ಇಂಥ ರೈತನ ಉಚಂತಿ ಎಷ್ಟು ಬಾಕಿ’ ಅಂತ ಫೋನ್ ಮಾಡಿದರೆ ಮುನೀಮರು ಪುಟ ತಿರುವಿ, ಒಂದು ಸಂಖ್ಯೆ ಹೇಳಿ, ಫೋನ್ ಇಡುತ್ತಿದ್ದರು. ಪುಸ್ತಕವನ್ನೇ ಬಸ್ಸಿಗೆ ಹಾಕಿ ಕಳಿಸುತ್ತಿರಲಿಲ್ಲ ಅಲ್ವಾ? ನೀವು ಈಗ ಮಾಡುತ್ತಿರೋದು ಅದನ್ನೇ. ಒಮ್ಮೆ ಕ್ಲೌಡ್ ಬಸ್ಸಿಗೆ ಹಾಕಿದಿರಿ, ಒಮ್ಮೆ ವಿಪಿಎನ್ ಬಸ್ಸಿಗೆ.

ಇದು ಆಕ್ಸೆಸ್‌ನ ತಪ್ಪೇನಲ್ಲ. ಆಕ್ಸೆಸ್ ಫೈಲ್ ಅಂದರೆ ಬರೀ ಪುಸ್ತಕ, ಅದಕ್ಕೆ ಮುನೀಮ ಇಲ್ಲ. ಫೈಲ್ ಇರುವ ಕಂಪ್ಯೂಟರ್ ಅದರ ಮೇಲೆ ಏನೂ ಕೆಲಸ ಮಾಡುವುದಿಲ್ಲ, ಸುಮ್ನೆ ಹಿಡಿದುಕೊಂಡು ನಿಂತಿರುತ್ತದೆ. ಹುಡುಕುವ, ಕೂಡಿಸುವ, ಬರೆಯುವ ಕೆಲಸವನ್ನೆಲ್ಲ ಕೇಳಿದವರ ಕಂಪ್ಯೂಟರೇ ಮಾಡಬೇಕು. ಅದಕ್ಕಾಗಿ 4 ಕೆಬಿಯ ಪುಟಗಳನ್ನು ಒಂದೊಂದಾಗಿ ತಂತಿಯ ಮೇಲೆ ಎಳೆದುಕೊಳ್ಳುತ್ತದೆ. ಒಂದು ಪುಟ ತರಲು ಒಂದು ಸಲ ಹೋಗಿ ಬರಬೇಕು. ಒಂದು ಪಟ್ಟಿ ತೆರೆಯಲು 2,000 ಸಲ ಹೋಗಿಬರಬೇಕು ಅಂತ ಇಟ್ಟುಕೊಳ್ಳಿ. ಅಂಗಡಿಯ ಕೇಬಲ್‌ನಲ್ಲಿ ಒಂದು ಸಲಕ್ಕೆ ಅರ್ಧ ಮಿಲಿಸೆಕೆಂಡ್, ಒಟ್ಟು ಒಂದು ಸೆಕೆಂಡ್. ಯಾದಗಿರಿಯಿಂದ ಬ್ರಾಡ್‌ಬ್ಯಾಂಡ್ ಮೇಲೆ ಒಂದು ಸಲಕ್ಕೆ 40 ಮಿಲಿಸೆಕೆಂಡ್ ಹಿಡಿದರೂ 80 ಸೆಕೆಂಡ್. ನಿಮ್ಮ ಚಹಾದ ಲೆಕ್ಕ ಇಲ್ಲಿಗೆ ಬಂತು. ಇದಕ್ಕೆ ಜಾಸ್ತಿ ಎಂಬಿಪಿಎಸ್‌ನ ಪ್ಲಾನ್ ಹಾಕಿಸಿದರೂ ಉಪಯೋಗವಿಲ್ಲ. ರಸ್ತೆ ಅಗಲ ಮಾಡಿದರೆ ಊರು ಹತ್ತಿರ ಬರುತ್ತದೆಯೇ? ಇನ್ನು ಬರೆಯುವಾಗ ನಡುವೆ ನೆಟ್ ಒಂದು ಕ್ಷಣ ಕಡಿದರೆ ಅರ್ಧ ಬರೆದ ಪುಟ ಹಾಗೇ ಉಳಿಯುತ್ತದೆ, ಮುಂದಿನವರು ತೆರೆದಾಗ ಆ ‘ಅನ್‌ರೆಕಗ್ನೈಸ್ಡ್’ ಮಾತು ಬರುತ್ತದೆ. ವೈಫೈ ಮೇಲೂ ಇದೇ ಗಂಡಾಂತರ.

ಕ್ಲೌಡ್ ಡ್ರೈವ್‌ನ ಕಥೆ ಬೇರೆ. ಆಕ್ಸೆಸ್ ತೆರೆದಾಗ ಪಕ್ಕದಲ್ಲಿ ಒಂದು ಚಿಕ್ಕ ಲಾಕ್ ಫೈಲ್ ಹುಟ್ಟುತ್ತದೆ, ನೋಡಿರಬೇಕು. ಯಾರು ಯಾವ ದಾಖಲೆ ಹಿಡಿದಿದ್ದಾರೆ ಅಂತ ಅದರಿಂದಲೇ ಗೊತ್ತಾಗೋದು. ಕ್ಲೌಡ್ ಡ್ರೈವ್‌ನ ಸಿಂಕ್ ಫೋಲ್ಡರ್‌ನಲ್ಲಿ ಪ್ರತಿ ಊರಿನಲ್ಲೂ ಒಂದೊಂದು ನಕಲು ಇರುವುದರಿಂದ ಪ್ರತಿಯೊಬ್ಬರೂ ‘ನಾನೊಬ್ಬನೇ ತೆರೆದಿದ್ದೇನೆ’ ಅಂದುಕೊಂಡು ಬರೆಯುತ್ತಾ ಹೋಗುತ್ತಾರೆ. ಸಂಜೆಗೆ ಎರಡು ಪುಸ್ತಕ.

ಮೊದಲು ಆ 40 ಪಟ್ಟಿಗಳನ್ನು ಉಳಿಸೋಣ. ಎರಡೂ ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿ ತೆಗೆದಿಡಿ, ಆಮೇಲೆ ನಕಲಿನ ಮೇಲೆ ಮಾತ್ರ ಕೈ ಹಾಕಿ. ರಿಪೇರಿ ಆಜ್ಞೆಯನ್ನೂ ನಕಲಿನ ಮೇಲೇ ಓಡಿಸಿ. ಪಟ್ಟಿ ನಂಬರ್ ತಾನಾಗೇ ಏರುವ ಹಾಗೆ ಇಟ್ಟಿದ್ದರೆ ಒಂದೇ ನಂಬರ್ ಎರಡು ಫೈಲ್‌ನಲ್ಲೂ ಬೇರೆ ಬೇರೆ ರೈತರಿಗೆ ಬಿದ್ದಿರುತ್ತದೆ. ಸೇರಿಸುವಾಗ ಯಾದಗಿರಿಯವಕ್ಕೆ ಹೊಸ ನಂಬರ್ ಕೊಡಿ. ಆದರೆ ಹಳೇ ನಂಬರನ್ನು ಅಳಿಸಬೇಡಿ, ಬೇರೆ ಕಾಲಂನಲ್ಲಿ ಇಟ್ಟುಕೊಳ್ಳಿ. ಯಾಕೆಂದರೆ ರೈತನ ಜೇಬಿನಲ್ಲಿರುವ ಚೀಟಿಯ ಮೇಲೆ ಹಳೇ ನಂಬರೇ ಇದೆ. ಆತ ಬಂದು ‘ನನ್ನ ಪಟ್ಟಿ ತೆಗೀರಿ’ ಅಂದಾಗ ಬೇರೆಯವರ ಹೆಸರು ಬಂದರೆ ಗಂಜ್‌ನಲ್ಲಿ ದೊಡ್ಡ ಜಗಳವೇ ಆದೀತು.

ಈಗ ಮುನೀಮನನ್ನು ನೇಮಿಸೋದು. ಅಂದರೆ ಡೇಟಾಬೇಸ್ ಸರ್ವರ್. ಮೈಕ್ರೋಸಾಫ್ಟ್‌ನ ಎಸ್‌ಕ್ಯುಎಲ್ ಸರ್ವರ್ ಎಕ್ಸ್‌ಪ್ರೆಸ್ ಪುಕ್ಕಟೆ ಸಿಗುತ್ತದೆ, 2022ರ ಆವೃತ್ತಿಯಲ್ಲಿ ಒಂದು ಡೇಟಾಬೇಸ್‌ಗೆ 10 ಜಿಬಿ ಮಿತಿ. ಆಕ್ಸೆಸ್‌ನ ಮಿತಿ 2 ಜಿಬಿ ಅಂತ ಗೊತ್ತಿರಬೇಕು. ದಿನಕ್ಕೆ 300 ಪಟ್ಟಿ, ವರ್ಷಕ್ಕೆ 300 ದಿನ, ಒಂದಕ್ಕೆ 1 ಕೆಬಿ ಹಿಡಿದರೂ ವರ್ಷಕ್ಕೆ 90 ಎಂಬಿ ಆಗುತ್ತದೆ. ನಿಮ್ಮ ಮಕ್ಕಳ ಕಾಲಕ್ಕೂ ಸಾಕು. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯುಎಲ್ ಕೂಡ ಪುಕ್ಕಟೆ, ಒಳ್ಳೆಯವೇ. ಆದರೆ ನಿಮ್ಮದು ಆಕ್ಸೆಸ್ ಪ್ರೋಗ್ರಾಮ್ ಆದ್ದರಿಂದ ಮೊದಲನೆಯದೇ ಹತ್ತಿರದ ದಾರಿ. ಟೇಬಲ್‌ಗಳನ್ನು ಅದಕ್ಕೆ ಸಾಗಿಸಲು ಮೈಕ್ರೋಸಾಫ್ಟ್‌ನದೇ ಮೈಗ್ರೇಶನ್ ಅಸಿಸ್ಟೆಂಟ್ ಇದೆ, ಅದಕ್ಕೂ ದುಡ್ಡಿಲ್ಲ. ಫಾರಂಗಳು, ಪ್ರಿಂಟ್ ಆಗುವ ಪಟ್ಟಿ ಎಲ್ಲ ಆಕ್ಸೆಸ್‌ನಲ್ಲೇ ಉಳಿಯುತ್ತವೆ, ಟೇಬಲ್‌ಗಳು ಮಾತ್ರ ಲಿಂಕ್ ಆಗುತ್ತವೆ. ಹಾಗಾಗಿ ನಿಮ್ಮ ಹುಡುಗರಿಗೆ ಹೊಸದೇನೂ ಕಲಿಸಬೇಕಿಲ್ಲ. ಈಗ ಯಾದಗಿರಿಯಿಂದ ‘ಬಾಕಿ ಎಷ್ಟು’ ಅಂತ ಕೇಳಿದರೆ ಪ್ರಶ್ನೆ ಒಳಗೆ ಹೋಗುತ್ತದೆ, ಸರ್ವರ್ ತಾನೇ ಪುಟ ತಿರುವಿ ನೋಡುತ್ತದೆ, ಒಂದು ಸಂಖ್ಯೆ ಹೊರಗೆ ಬರುತ್ತದೆ.

ಪ್ರೋಗ್ರಾಮ್ ಬರೆದವರು ಸಿಕ್ಕರೆ ಅವರಿಗೆ ಒಂದು ಮಾತು ಹೇಳಿ. ‘ಹೌದು/ಇಲ್ಲ’ ಅಂತ ಟಿಕ್ ಹಾಕುವ ಕಾಲಂಗಳಿಗೆಲ್ಲ ಡಿಫಾಲ್ಟ್ ಆಗಿ 0 ಕೊಟ್ಟು, ಹಳೇ ದಾಖಲೆಗಳಲ್ಲಿ ಖಾಲಿ ಇರುವುದನ್ನೂ 0 ಮಾಡಲಿ. ಖಾಲಿ ಬಿಟ್ಟರೆ ಆಕ್ಸೆಸ್ ಗೊಂದಲಕ್ಕೆ ಬಿದ್ದು ‘ಈ ದಾಖಲೆಯನ್ನು ಬೇರೊಬ್ಬರು ಬದಲಿಸಿದ್ದಾರೆ’ ಅಂತ ಸುಳ್ಳು ಹೇಳುತ್ತದೆ, ಅಂಗಡಿಯಲ್ಲಿ ನೀವೊಬ್ಬರೇ ಕೂತಿದ್ದರೂ! ನಾನು ಇದರ ಹಿಂದೆ ಎರಡು ರಾತ್ರಿ ಕಳೆದಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರೋದು.

ಇನ್ನೊಂದು ಕಡೆ ಎಲ್ಲರೂ ಸಿಕ್ಕಿಬೀಳುತ್ತಾರೆ. ಎಕ್ಸ್‌ಪ್ರೆಸ್ ಹಾಕಿದ ಕೂಡಲೇ ಅದೇ ಕಂಪ್ಯೂಟರ್‌ನಲ್ಲಿ ಕೆಲಸ ಮಾಡುತ್ತದೆ, ಪಕ್ಕದ ಕಂಪ್ಯೂಟರ್‌ನಿಂದ ಸಿಗುವುದೇ ಇಲ್ಲ. ಕೆಟ್ಟಿದೆ ಅಂತ ತೆಗೆದು ಮತ್ತೆ ಹಾಕುವವರನ್ನು ಕಂಡಿದ್ದೇನೆ. ಕೆಟ್ಟಿಲ್ಲ, ಹೊರಗಿನ ಕಿಟಕಿ ಮುಚ್ಚಿದೆ. ‘ಎಸ್‌ಕ್ಯುಎಲ್ ಸರ್ವರ್ ಕಾನ್ಫಿಗರೇಶನ್ ಮ್ಯಾನೇಜರ್’ ತೆರೆಯಿರಿ, ಪ್ರೋಟೋಕಾಲ್‌ಗಳಲ್ಲಿ ಟಿಸಿಪಿ/ಐಪಿ ‘ಡಿಸೇಬಲ್ಡ್’ ಅಂತ ಇರುತ್ತದೆ, ಅದನ್ನು ಎನೇಬಲ್ ಮಾಡಿ. ಅದರ ಮೇಲೆ ಎರಡು ಸಲ ಒತ್ತಿ ಐಪಿ ಅಡ್ರೆಸ್‌ಗಳ ಹಾಳೆಗೆ ಹೋಗಿ, ಕೆಳಗೆ ಕೊನೆಯಲ್ಲಿ ‘ಐಪಿ ಆಲ್’ ಅಂತ ಇದೆ. ಅಲ್ಲಿ ‘ಡೈನಾಮಿಕ್ ಪೋರ್ಟ್ಸ್’ ಎದುರಿಗಿರುವುದನ್ನು ಅಳಿಸಿ ಖಾಲಿ ಬಿಡಿ, ‘ಟಿಸಿಪಿ ಪೋರ್ಟ್’ (ಆ ಕಿಟಕಿಯ ನಂಬರ್) ಎದುರಿಗೆ 1433 ಬರೆಯಿರಿ. ಸರ್ವಿಸ್ ರೀಸ್ಟಾರ್ಟ್ ಮಾಡಿ. ವಿಂಡೋಸ್ ಫೈರ್‌ವಾಲ್‌ನಲ್ಲಿ ಅದೇ ಪೋರ್ಟನ್ನು ನಿಮ್ಮ ಅಂಗಡಿಯ ನೆಟ್‌ವರ್ಕ್‌ಗೆ ಮಾತ್ರ ಬಿಡಿ. ರೌಟರ್‌ನಲ್ಲಿ ಈ ಕಂಪ್ಯೂಟರ್‌ಗೆ ಒಂದೇ ಐಪಿ (ನೆಟ್‌ವರ್ಕ್ ವಿಳಾಸ) ಸಿಗುವ ಹಾಗೆ ಕಟ್ಟಿಹಾಕಿ, ಇಲ್ಲವಾದರೆ ಕರೆಂಟ್ ಹೋಗಿ ಬಂದ ದಿನ ಅದಕ್ಕೆ ಬೇರೆ ನಂಬರ್ ಬಂದು ಐದೂ ಕಂಪ್ಯೂಟರ್ ಅದನ್ನು ಹುಡುಕುತ್ತಾ ಕೂರುತ್ತವೆ.

ಅಂಗಡಿಯೊಳಗಿನ ಕೆಲಸ ಇಷ್ಟೇ. ಯಾದಗಿರಿಗೆ ಎರಡು ದಾರಿ. ಅಲ್ಲಿನ ಆಕ್ಸೆಸ್‌ನಿಂದ ವಿಪಿಎನ್ ಮೂಲಕ ನೇರ ಸರ್ವರ್‌ಗೆ ಬರೋದು ಒಂದು. ಇದು ಈಗಿನದಕ್ಕಿಂತ ಎಷ್ಟೋ ವಾಸಿ, ಆದರೆ ಪ್ರೋಗ್ರಾಮ್ ‘ಎಲ್ಲ ರೈತರನ್ನೂ ತಾ, ಆಮೇಲೆ ಆರಿಸುತ್ತೇನೆ’ ಅನ್ನುವ ಸ್ವಭಾವದ್ದಾಗಿದ್ದರೆ ಆಗಲೂ ಎಳೆದಾಡುತ್ತದೆ. ನಾನು ನಿಮಗೆ ಹೇಳೋದು ಎರಡನೆಯದು. ಗಂಜ್‌ನ ಅಂಗಡಿಯಲ್ಲೇ ಯಾದಗಿರಿಯ ಇಬ್ಬರಿಗೆ ಎರಡು ಹಳೇ ಕಂಪ್ಯೂಟರ್ ಇಡಿ, ಅವರು ವಿಪಿಎನ್ ಮೂಲಕ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಅದರ ಮುಂದೆ ‘ಕೂರಲಿ’. ಡೇಟಾ ಅಂಗಡಿ ಬಿಟ್ಟು ಹೊರಗೇ ಹೋಗುವುದಿಲ್ಲ, ಹೋಗೋದು ಪರದೆಯ ಚಿತ್ರ ಮಾತ್ರ. ನಡುವೆ ನೆಟ್ ಹೋದರೂ ಟೈಪ್ ಮಾಡುತ್ತಿದ್ದ ಪಟ್ಟಿ ಇಲ್ಲಿ ಹಾಗೇ ತೆರೆದಿರುತ್ತದೆ, ಮತ್ತೆ ಬಂದು ಮುಂದುವರಿಸಬಹುದು. ಯಾದಗಿರಿಯ ಪ್ರಿಂಟರ್‌ನಲ್ಲೇ ಪಟ್ಟಿ ತೆಗೆಯಲು ರಿಮೋಟ್ ಡೆಸ್ಕ್‌ಟಾಪ್ ತೆರೆಯುವಾಗ ‘ಲೋಕಲ್ ರಿಸೋರ್ಸಸ್’ನಲ್ಲಿ ಪ್ರಿಂಟರ್ ಮೇಲೆ ಟಿಕ್ ಹಾಕಿ. ಡಾಟ್ ಮ್ಯಾಟ್ರಿಕ್ಸ್ ಆದರೆ ಅದೇ ಡ್ರೈವರನ್ನು ಇಲ್ಲೂ ಹಾಕಿರಿ.

ಇದಕ್ಕೆ ಇಲ್ಲಿಯ ಕಂಪ್ಯೂಟರ್‌ಗಳಲ್ಲಿ ವಿಂಡೋಸ್ ಪ್ರೊ ಬೇಕು, ಹೋಮ್‌ನಲ್ಲಿ ಹೊರಗಿನವರನ್ನು ಕೂರಿಸಿಕೊಳ್ಳುವ ವ್ಯವಸ್ಥೆ ಇಲ್ಲ. ಪ್ರೊನಲ್ಲೂ ಒಂದು ಸಲಕ್ಕೆ ಒಬ್ಬರೇ. ಒಂದು ಫೈಲ್ ತಿದ್ದಿ ಹತ್ತು ಜನ ಕೂರಬಹುದು ಅಂತ ತೋರಿಸುವವರಿದ್ದಾರೆ, ನಂಬಬೇಡಿ. ಲೈಸೆನ್ಸ್‌ಗೆ ವಿರುದ್ಧ, ಮುಂದಿನ ಅಪ್‌ಡೇಟ್‌ಗೆ ಮುರಿದು ಬೀಳುತ್ತದೆ. ಹತ್ತು ಜನ ಆದ ದಿನ ವಿಂಡೋಸ್ ಸರ್ವರ್, ಅದರ ಲೈಸೆನ್ಸ್ ಅಂತ ಯೋಚಿಸಿದರಾಯಿತು.

‘ವಿಪಿಎನ್ ಯಾಕೆ, ರೌಟರ್‌ನಲ್ಲಿ ಪೋರ್ಟ್ ತೆರೆದರೆ ಮುಗಿಯಿತಲ್ಲ’ ಅಂತ ನಿಮ್ಮ ಕೇಬಲ್ ಹುಡುಗ ಹೇಳಬಹುದು. ಕೆಲವು ವರ್ಷದ ಹಿಂದೆ ನಾನೂ ಹಾಗೇ ಮಾಡಿದ್ದೆ. ಒಂದು ಸಗಟು ಅಂಗಡಿಗೆ ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟನ್ನು ಹೊರಗಿನ ಜಗತ್ತಿಗೆ ತೆರೆದುಕೊಟ್ಟೆ. ಪಾಸ್‌ವರ್ಡ್ ಅಂಗಡಿಯ ಹೆಸರು, ಮುಂದೆ 123. ಒಂದು ಸೋಮವಾರ ಬೆಳಿಗ್ಗೆ ಅವರ ಫೋನ್ ಬಂತು, ಎಲ್ಲ ಫೈಲ್‌ಗಳ ಹೆಸರಿನ ಬಾಲ ಬದಲಾಗಿದೆ, ಪರದೆ ಮೇಲೆ ಇಂಗ್ಲಿಷ್‌ನಲ್ಲಿ ದುಡ್ಡು ಕೇಳುವ ಚೀಟಿ ಇದೆ. ಬ್ಯಾಕಪ್ ಡಿಸ್ಕ್ ಇತ್ತು, ನಿಜ. ಅದೂ ಅದೇ ಕಂಪ್ಯೂಟರ್‌ಗೆ ಸದಾ ಸಿಕ್ಕಿಸಿಯೇ ಇತ್ತು, ಅದೂ ಹೋಯಿತು. ಜಿಎಸ್‌ಟಿ ರಿಟರ್ನ್ ಹಾಕಲು ಅವರು ಕಾಗದದ ಬಿಲ್ ನೋಡಿ ನಾಲ್ಕು ತಿಂಗಳ ಲೆಕ್ಕ ಮತ್ತೆ ಹೊಡೆದರು. ಅಷ್ಟೂ ದಿನ ನಾನು ಆ ಬೀದಿಯಲ್ಲಿ ತಲೆ ತಗ್ಗಿಸಿ ಓಡಾಡಿದೆ. 3389, 1433, ಫೈಲ್ ಶೇರಿಂಗ್‌ನ 445, ಇವನ್ನು ಹೊರಗೆ ತೆರೆದರೆ ಕಳ್ಳರು ನಿಮ್ಮನ್ನು ಹುಡುಕಿಕೊಂಡು ಬರಬೇಕಾಗಿಲ್ಲ, ಅವರ ಯಂತ್ರಗಳು ಹಗಲು ರಾತ್ರಿ ಎಲ್ಲರ ಬಾಗಿಲನ್ನೂ ತಟ್ಟುತ್ತಾ ಹೋಗುತ್ತವೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಜಗತ್ತೆಲ್ಲ ಹಬ್ಬಿದ್ದು ಈ 445ರ ದಾರಿಯಲ್ಲೇ.

ವಿಪಿಎನ್‌ಗೆ ವೈರ್‌ಗಾರ್ಡ್ ಚೆನ್ನಾಗಿದೆ. 2020ರಿಂದ ಲಿನಕ್ಸ್ ಕರ್ನಲ್‌ನಲ್ಲೇ ಇದೆ, ಈಗ ಎಷ್ಟೋ ರೌಟರ್‌ಗಳಲ್ಲೂ ಬರುತ್ತದೆ. ಕೀಲಿ ಇಲ್ಲದವರು ಬಾಗಿಲು ತಟ್ಟಿದರೆ ‘ಯಾರು’ ಅಂತಲೂ ಕೇಳುವುದಿಲ್ಲ, ಸುಮ್ನಿರುತ್ತದೆ, ಹೊರಗಿನವರಿಗೆ ಅಲ್ಲಿ ಬಾಗಿಲಿದೆ ಅಂತಲೇ ಗೊತ್ತಾಗುವುದಿಲ್ಲ. ಆದರೆ ಅದಕ್ಕೂ ಮುಂಚೆ ನೋಡಬೇಕಾದದ್ದು ಒಂದಿದೆ. ರೌಟರ್‌ನ ಒಳಗೆ ಹೋಗಿ ಅದರ ಹೊರಗಿನ ಐಪಿ ನೋಡಿ. 100.64ರಿಂದ 100.127ರ ನಡುವೆ ಶುರುವಾಗುವ ನಂಬರ್ ಇದ್ದರೆ ನಿಮ್ಮ ನೆಟ್ ಕಂಪನಿ ಒಂದೇ ವಿಳಾಸವನ್ನು ತುಂಬಾ ಗಿರಾಕಿಗಳಿಗೆ ಹಂಚಿದೆ ಅಂತ ಅರ್ಥ. ಆಗ ಹೊರಗಿನಿಂದ ನೇರ ಬರಲಾಗುವುದಿಲ್ಲ. ಸ್ಟಾಟಿಕ್ ಐಪಿ (ನಿಮಗೇ ಮೀಸಲಾದ, ಬದಲಾಗದ ವಿಳಾಸ) ಕೇಳಿ, ತಿಂಗಳಿಗೆ ಸ್ವಲ್ಪ ಜಾಸ್ತಿ ದುಡ್ಡು ಹಾಕುತ್ತಾರೆ. ಇಲ್ಲವೇ ಟೇಲ್‌ಸ್ಕೇಲ್ ಥರದ್ದು ಹಾಕಿಕೊಳ್ಳಿ, ಅದು ಎರಡೂ ಕಡೆಯಿಂದ ಹೊರಗೆ ಹೋಗಿ ನಡುವೆ ಕೈ ಹಿಡಿಸುತ್ತದೆ, ಸ್ಟಾಟಿಕ್ ಐಪಿ ಬೇಕಾಗುವುದಿಲ್ಲ, ಒಳಗೆ ಕೆಲಸ ಮಾಡೋದೂ ವೈರ್‌ಗಾರ್ಡೇ.

ಎರಡೂ ಊರಿನ ರೌಟರ್ ಒಂದೇ ಥರದ್ದಾದರೆ ಎರಡೂ ಕಡೆ 192.168.1 ಅಂತಲೇ ಇರುತ್ತದೆ. ಆಗ ಯಾದಗಿರಿಯ ಕಂಪ್ಯೂಟರ್ 192.168.1.10 ಅನ್ನು ಯಾದಗಿರಿಯಲ್ಲೇ ಹುಡುಕುತ್ತದೆ, ಕಲಬುರಗಿಗೆ ಬರುವುದೇ ಇಲ್ಲ. ಒಂದು ಕಡೆ 192.168.20 ಮಾಡಿಬಿಡಿ. ಎರಡು ಊರಲ್ಲಿ ಎರಡು ‘ಸ್ಟೇಷನ್ ರೋಡ್, ಮನೆ ನಂಬರ್ 10’ ಇದ್ದ ಹಾಗೆ ಇದು.

ಸರ್ವರ್ ಎಲ್ಲಿಡೋದು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಮಿಲ್‌ನಲ್ಲಿ ಇಡಬೇಡಿ. ಒಂದು ದಾಲ್ ಮಿಲ್‌ನ ಕ್ಯಾಬಿನೆಟ್ ಬಿಚ್ಚಿದಾಗ ಫ್ಯಾನಿನ ರೆಕ್ಕೆಯ ಮೇಲೆ ತೊಗರಿ ಧೂಳು ಕಡಲೆಹಿಟ್ಟಿನ ಹಾಗೆ ಮೆತ್ತಿಕೊಂಡಿತ್ತು. ಪ್ರೊಸೆಸರ್ ಮೇಲಿನ ಜಾಲರಿ ಪೂರ್ತಿ ಮುಚ್ಚಿಹೋಗಿತ್ತು, ಬೆರಳಿನಿಂದ ಕೆರೆದರೆ ಪದರ ಪದರವಾಗಿ ಬಂತು. ಮೇ ತಿಂಗಳಲ್ಲಿ ನಮ್ಮಲ್ಲಿ 42 ಡಿಗ್ರಿ ದಾಟುವಾಗ ಅದು ತಾನಾಗೇ ಆಫ್ ಆಗುತ್ತಿದ್ದುದರಲ್ಲಿ ಆಶ್ಚರ್ಯವೇನು. ಗಂಜ್ ಅಂಗಡಿಯ ಒಳಕೋಣೆ, ನೆಲದಿಂದ ಮೇಲೆ, ಒಂದು ಯುಪಿಎಸ್, ಅಷ್ಟು ಸಾಕು. ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್) ‘ಕರೆಂಟ್ ಬಂದ ಕೂಡಲೇ ತಾನೇ ಆನ್ ಆಗು’ ಅನ್ನುವ ಆಯ್ಕೆ ಇರುತ್ತದೆ, ಹಾಕಿಡಿ. ಅಂಗಡಿ ರಜೆಯ ದಿನ ಯಾದಗಿರಿಯವರು ಕೆಲಸ ಮಾಡುವುದಾದರೆ ಬೀಗ ತೆಗೆಯಲು ಯಾರನ್ನೂ ಓಡಿಸಬೇಕಾಗಿಲ್ಲ.

ಬ್ಯಾಕಪ್. ಚಾಲೂ ಇರುವ ಡೇಟಾಬೇಸ್ ಫೈಲನ್ನು ಕಾಪಿ ಮಾಡಲು ಹೋಗಬೇಡಿ, ಆಗುವುದಿಲ್ಲ. ಸರ್ವರ್‌ಗೆ ಬ್ಯಾಕಪ್ ಆಜ್ಞೆ ಕೊಟ್ಟರೆ ಜನ ಕೆಲಸ ಮಾಡುತ್ತಿರುವಾಗಲೇ ಒಂದು ಸರಿಯಾದ ನಕಲು ತೆಗೆದುಕೊಡುತ್ತದೆ. ಎಕ್ಸ್‌ಪ್ರೆಸ್‌ನಲ್ಲಿ ಅದನ್ನು ಸಮಯಕ್ಕೆ ಓಡಿಸುವ ಏಜೆಂಟ್ ಇಲ್ಲ, ಹಾಗಾಗಿ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ರಾತ್ರಿ 9ಕ್ಕೆ ಕಟ್ಟಿಬಿಡಿ. ಆ ನಕಲನ್ನು 7-ಜಿಪ್‌ನಲ್ಲಿ ಪಾಸ್‌ವರ್ಡ್ ಹಾಕಿ, ನಿಮ್ಮ ಕ್ಲೌಡ್ ಡ್ರೈವ್‌ಗೆ ಈಗ ಕಳಿಸಿ. ಹೌದು, ಅದೇ ಡ್ರೈವ್! ಬದುಕಿರುವ ಪುಸ್ತಕಕ್ಕೆ ಅದು ಸರಿಯಲ್ಲ, ನಕಲು ಇಡಲು ಹೇಳಿ ಮಾಡಿಸಿದ ಜಾಗ. ಇನ್ನೊಂದು ನಕಲು ಡಿಸ್ಕ್‌ನಲ್ಲಿ, ಆ ಡಿಸ್ಕ್ ಸಾಹುಕಾರರ ಮನೆಯ ತಿಜೋರಿಯಲ್ಲಿ. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನಿನ್ನೆಯ ಕೊನೆಯ ಪಟ್ಟಿ ಕಾಣುತ್ತದೆಯೇ ನೋಡಿ.

ಇದನ್ನೆಲ್ಲ ಸುಗ್ಗಿ ನಡುವೆ ಮಾಡಬೇಡಿ. ಮಾಡಲೇಬೇಕೆಂದರೆ ಗಂಜ್‌ನಲ್ಲಿ ಜನ ಇಲ್ಲದ ದಿನ. ನಾನು ಒಮ್ಮೆ ಎಳ್ಳಮಾವಾಸ್ಯೆಯ ದಿನ ಇಂಥದ್ದೊಂದು ಬದಲಾವಣೆ ಮಾಡಿದೆ. ಎಲ್ಲರೂ ಹೊಲಕ್ಕೆ ಹೋಗಿದ್ದರು, ಒಂದೂ ಫೋನ್ ಇಲ್ಲ, ಮಧ್ಯಾಹ್ನದೊಳಗೆ ಮುಗಿಯಿತು. ಭಜ್ಜಿ, ಸಜ್ಜಿ ರೊಟ್ಟಿ ತಪ್ಪಿಹೋಯಿತು ಅನ್ನೋದೊಂದೇ ನಷ್ಟ.

ಪ್ರಶ್ನೆ: ಬೀದರ್‌ನಲ್ಲಿ ಒಂದು ಪತ್ತಿನ ಸಹಕಾರ ಸಂಘದಲ್ಲಿ ಕೆಲಸ ಮಾಡುತ್ತೇನೆ. ಭಾಲ್ಕಿ, ಹುಮನಾಬಾದ್ ಶಾಖೆಗಳಿಗೆ ಸೇರಿ ಈಗ ಒಂದೇ ಎಸ್‌ಕ್ಯುಎಲ್ ಸರ್ವರ್ ಆಗಿದೆ. ವೇಗ ಚೆನ್ನಾಗಿದೆ. ಆದರೆ ಸದಸ್ಯರ ಹೆಸರು ಕನ್ನಡದಲ್ಲಿ ಹಾಕಿದರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವೆ. ಹಳೇ ದಾಖಲೆಗಳಲ್ಲಿ ಒಂದು ಕಂಪ್ಯೂಟರ್‌ನಲ್ಲಿ ಸರಿ ಕಾಣುವ ಹೆಸರು ಇನ್ನೊಂದರಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಫಾಂಟ್ ತೊಂದರೆಯೇ?
– ಓದುಗರು, ಬೀದರ್

ಉತ್ತರ: ಎರಡು ಬೇರೆ ಬೇರೆ ರೋಗ. ಮೊದಲನೆಯದು ಕಾಲಂನ ಜಾತಿಯದು. ಅದು ‘ವಾರ್‌ಚಾರ್’ ಇದ್ದಿರಬೇಕು, ಎಲ್ಲ ಭಾಷೆಯ ಅಕ್ಷರವನ್ನೂ ಹಿಡಿಯುವ ‘ಎನ್‌ವಾರ್‌ಚಾರ್’ ಮಾಡಿಸಿ. ಪ್ರೋಗ್ರಾಮ್‌ನಲ್ಲಿ ಕನ್ನಡ ಪದವನ್ನು ನೇರ ಉದ್ಧರಣೆಯೊಳಗೆ ಬರೆದಿದ್ದರೆ ಅದರ ಮುಂದೆ ಇಂಗ್ಲಿಷ್‌ನ ದೊಡ್ಡ ‘ಎನ್’ ಅಕ್ಷರ ಇರಲೇಬೇಕು, ಅದೊಂದು ಅಕ್ಷರ ಮರೆತರೂ ಮತ್ತೆ ಪ್ರಶ್ನಾರ್ಥಕ ಚಿಹ್ನೆಯೇ. ಈಗಾಗಲೇ ಚಿಹ್ನೆಯಾಗಿ ಹೋದ ಹೆಸರುಗಳು ವಾಪಸ್ ಬರುವುದಿಲ್ಲ, ಅಲ್ಲಿ ಹೆಸರೇ ಉಳಿದಿಲ್ಲ. ಅರ್ಜಿ ಫಾರಂ ನೋಡಿ ಮತ್ತೆ ಹೊಡೆಯಬೇಕು.

ಎರಡನೆಯದು ಹಳೇ ಆಸ್ಕಿ ಫಾಂಟ್‌ನ ಕಾಲದ್ದು. ಆಗ ಒಳಗೆ ಇರುತ್ತಿದ್ದುದು ಇಂಗ್ಲಿಷ್ ಅಕ್ಷರಗಳೇ, ಅವಕ್ಕೆ ಕನ್ನಡದ ವೇಷ ಹಾಕುತ್ತಿದ್ದುದು ಫಾಂಟ್. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ವೇಷ ಕಳಚುತ್ತದೆ. ಇವು ಕಳೆದುಹೋಗಿಲ್ಲ, ಯುನಿಕೋಡ್‌ಗೆ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಇರುವ ಪದ್ಧತಿ) ಬದಲಿಸುವ ತಂತ್ರಾಂಶಗಳಿವೆ. ಮೊದಲು ಐವತ್ತು ಹೆಸರು ಬದಲಿಸಿ ಕಣ್ಣಿಂದ ಓದಿ, ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಹೆಸರುಗಳನ್ನು ವಿಶೇಷವಾಗಿ ನೋಡಿ, ಆಮೇಲೆ ಉಳಿದವು. ಯುನಿಕೋಡ್ ಆದ ಮೇಲೆ ನಿಮ್ಮಲ್ಲಿ ಮರಾಠಿ, ಉರ್ದುವಿನಲ್ಲಿ ಹೆಸರು ಬರೆದುಕೊಡುವ ಸದಸ್ಯರಿದ್ದರೂ ಅದೇ ಕಾಲಂನಲ್ಲಿ ಹಾಗೇ ಇಡಬಹುದು. ಬೀದರ್‌ಗೆ ಇದಕ್ಕಿಂತ ಇನ್ನೇನು ಬೇಕು?

ಕಾಲಂನ ಉದ್ದವನ್ನು ಮಾತ್ರ ಧಾರಾಳವಾಗಿ ಕೊಡಿ. ‘ಕಲಬುರಗಿ’ ಅನ್ನೋದು ನಮ್ಮ ಬಾಯಿಗೆ ಐದು ಅಕ್ಷರ. ಕಂಪ್ಯೂಟರ್ ‘ಬು’ದ ಉಕಾರ, ‘ಗಿ’ಯ ಇಕಾರ ಬೇರೆ ಎಣಿಸುತ್ತದೆ, ಅದಕ್ಕೆ ಏಳು. ಎನ್‌ವಾರ್‌ಚಾರ್‌ನಲ್ಲಿ 14 ಬೈಟ್. ಐದರ ಜಾಗ ಕೊಟ್ಟರೆ ನಮ್ಮೂರು ಹಿಡಿಸುವುದಿಲ್ಲ.

ಪ್ರಶ್ನೆ: ಶಹಾಪುರ ಮತ್ತು ಸುರಪುರದಲ್ಲಿ ಬೀಜ ಗೊಬ್ಬರದ ಅಂಗಡಿ. ಡೇಟಾಬೇಸ್ ಶಹಾಪುರದಲ್ಲಿದೆ. ಮಳೆ ಬಂದರೆ ಸುರಪುರದಲ್ಲಿ ನೆಟ್ ಹೋಗುತ್ತದೆ, ಮಳೆ ಬಂದಾಗಲೇ ಗಿರಾಕಿ ಜಾಸ್ತಿ. ಎರಡೂ ಕಡೆ ಒಂದೊಂದು ಡೇಟಾಬೇಸ್ ಇಟ್ಟು ರಾತ್ರಿ ಸೇರಿಸಬಹುದೇ?
– ಓದುಗರು, ಶಹಾಪುರ

ಉತ್ತರ: ಆಗುತ್ತದೆ, ಆದರೆ ಮಾಡಬೇಡಿ. ಒಂದೇ ಯೂರಿಯಾ ಚೀಲವನ್ನು ಎರಡೂ ಅಂಗಡಿಯವರು ಒಂದೇ ದಿನ ಮಾರಿದರೆ ರಾತ್ರಿ ಯಾವ ಲೆಕ್ಕ ನಿಜ ಅಂತ ತೀರ್ಮಾನಿಸೋದು ಯಾರು? ಅದಕ್ಕೆ ನಿಯಮ ಬರೆಯೋದು ದೊಡ್ಡ ಕಂಪನಿಗಳಿಗೇ ತಲೆನೋವು. ಸುರಪುರಕ್ಕೆ ಎರಡನೇ ನೆಟ್ ಆಗಿ ಒಂದು ಮೊಬೈಲ್ ಸಿಮ್ ಇಡಿ, ಬ್ರಾಡ್‌ಬ್ಯಾಂಡ್‌ನದ್ದಲ್ಲದ ಬೇರೆ ಕಂಪನಿಯದು. ಬಿಲ್ ಹೊಡೆಯಲು ಡೇಟಾ ಬಹಳ ಬೇಕಾಗುವುದಿಲ್ಲ. ಅದೂ ಹೋದ ಗಂಟೆಗೆ ಮುದ್ರಿಸಿದ ಬಿಲ್ ಬುಕ್ ಇರಲಿ, ಅದರ ನಂಬರ್ ‘ಸು’ ಅಂತ ಶುರುವಾಗಲಿ, ಕಂಪ್ಯೂಟರ್‌ನ ನಂಬರ್‌ಗೆ ಎಂದೂ ಡಿಕ್ಕಿ ಹೊಡೆಯಬಾರದು. ನೆಟ್ ಬಂದಾಗ ಅದೇ ನಂಬರ್ ಹಾಕಿ ದಾಖಲಿಸಿ. ಜಿಎಸ್‌ಟಿಯಲ್ಲೂ ಒಂದಕ್ಕಿಂತ ಹೆಚ್ಚು ಸೀರೀಸ್ ಇಡಲು ಅಡ್ಡಿ ಇಲ್ಲ.

ಪ್ರಶ್ನೆ: ನಮ್ಮದು ಲಾರಿ ಟ್ರಾನ್ಸ್‌ಪೋರ್ಟ್. ಆಫೀಸ್ ಹುಮನಾಬಾದ್‌ನಲ್ಲಿ, ಅಲ್ಲಿ ನಾನೊಬ್ಬನೇ. ಉಳಿದವರು ಹೈದರಾಬಾದ್, ಸೋಲಾಪುರ, ಪುಣೆ. ಸರ್ವರ್ ನಮ್ಮ ಆಫೀಸಿನಲ್ಲೇ ಇಡಬೇಕಾ?
– ಓದುಗರು, ಹುಮನಾಬಾದ್

ಉತ್ತರ: ನೀವು ಇಡಬೇಡಿ. ಮೇಲೆ ಗಂಜ್‌ನವರಿಗೆ ಅಂಗಡಿಯಲ್ಲೇ ಇಡಿ ಅಂದೆ, ಯಾಕೆಂದರೆ ಐದು ಜನ ಒಳಗೆ, ಇಬ್ಬರು ಹೊರಗೆ. ನಿಮ್ಮದು ತಿರುಗುಮುರುಗು. ನಿಮ್ಮ ಆಫೀಸಿನ ಕರೆಂಟ್ ಹೋದರೆ ನಾಲ್ಕು ಊರಿನವರು ಕೈಕಟ್ಟಿ ಕೂರಬೇಕಾಗುತ್ತದೆ. ಬಾಡಿಗೆಯ ಕ್ಲೌಡ್ ಸರ್ವರ್ ತಗೊಳ್ಳಿ. ಅಮೆಜಾನ್‌ನ ಡೇಟಾ ಸೆಂಟರ್‌ಗಳು 2016ರಿಂದ ಮುಂಬೈನಲ್ಲಿವೆ, 2022ರಿಂದ ಹೈದರಾಬಾದ್‌ನಲ್ಲೂ ಇವೆ. ನಿಮ್ಮ ಲಾರಿ ಓಡುವ ಹೆದ್ದಾರಿಯ ತುದಿಯಲ್ಲೇ ಅಂದಂತಾಯಿತು. ಸಿಂಗಾಪುರದ್ದು ಅಗ್ಗ ಅಂತ ಹೋಗಬೇಡಿ, ಪ್ರತಿ ಪ್ರಶ್ನೆಯೂ ಸಮುದ್ರ ದಾಟಿ ಬರಬೇಕು. ನಿಮ್ಮದು ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಲೆಕ್ಕಪತ್ರದ ಬ್ಯಾಕಪ್ ಪ್ರತಿದಿನ ಭಾರತದಲ್ಲಿರುವ ಸರ್ವರ್‌ನಲ್ಲಿ ಇರಬೇಕು ಅಂತ 2022ರಿಂದ ನಿಯಮವೂ ಇದೆ, ಆಡಿಟರ್ ಹತ್ತಿರ ಕೇಳಿಕೊಳ್ಳಿ. ಕ್ಲೌಡ್ ಆದ ಮಾತ್ರಕ್ಕೆ ಪೋರ್ಟ್ ತೆರೆದಿಡಬಹುದು ಅಂತಲ್ಲ, ಅಲ್ಲೂ ವಿಪಿಎನ್ ಒಳಗಿಂದಲೇ ಬನ್ನಿ.

ಪ್ರಶ್ನೆ: ಸೇಡಂ ರಸ್ತೆಯಲ್ಲಿ ಟ್ಯೂಷನ್ ಕ್ಲಾಸ್ ಇದೆ. ಮೂರು ಜನ ಸಿಬ್ಬಂದಿ, 120 ಮಕ್ಕಳು. ಫೀ ಲೆಕ್ಕಕ್ಕೆ ಸರ್ವರ್ ಹಾಕಿಸಿ ಅಂತ ಒಬ್ಬರು 85,000 ರೂಪಾಯಿ ಹೇಳಿದ್ದಾರೆ. ಹಾಕಿಸಲೇ?
– ಓದುಗರು, ಕಲಬುರಗಿ

ಉತ್ತರ: ಬೇಡ. ಗೂಗಲ್ ಶೀಟ್ಸ್ ಸಾಕು. ಒಂದು ಹಾಳೆಯ ಕಡತದಲ್ಲಿ 1 ಕೋಟಿ ಸೆಲ್ ಹಿಡಿಸುತ್ತವೆ, ನಿಮ್ಮ ಮಕ್ಕಳು 120. ಮೂರು ಜನಕ್ಕೂ ಅವರವರ ಖಾತೆಗೇ ಅನುಮತಿ ಕೊಡಿ, ‘ಲಿಂಕ್ ಇದ್ದವರೆಲ್ಲ ತಿದ್ದಬಹುದು’ ಅನ್ನೋದನ್ನು ಮಾತ್ರ ಒತ್ತಬೇಡಿ. ಆ 85,000ದಲ್ಲಿ ಮಕ್ಕಳು ಕೂರುವ ಕೋಣೆಗೆ ಒಂದು ಕೂಲರ್ ಹಾಕಿಸಿ, ಏಪ್ರಿಲ್ ಬರುತ್ತಿದೆ.